ಕಡಲಿಗೆ ಹೋದವರ ಕುರಿತ ಪ್ರಶ್ನೆ

ನಿನ್ನೆ ಅಂಕೋಲಾ ಬಸ್ ಸ್ಟ್ಯಾಂಡಿನಲ್ಲಿ ಬೆಂಗಳೂರು ಬಸ್ಸಿಗೆ ಕಾಯುತ್ತಿದ್ದಾಗ ಸುರಗಿ ಹೂವಿನ ವಾಸನೆ ಬಂತು. ಪಕ್ಕದಲ್ಲೇ ಹೆಂಗಸೊಬ್ಬಳು ಬುಟ್ಟಿಯಲ್ಲಿ ದಂಡೆಗಳನ್ನಿಟ್ಟುಕೊಂಡು ಕೂತಿದ್ದಳು. ಅವಳನ್ನು ಕಂಡಮೇಲೂ ನಾನು ತಿರುಗಿ ನೋಡಿದೆ, ನಮ್ಮ ಮೇಡಂ ಹಿಂದೆ ನಿಂತಿದ್ದಾರೇನೋ ಎಂದು... ಅವರು ತೀರಿಕೊಂಡು ತಿಂಗಳುಗಳೇ ಕಳೆದಿವೆ.

ಮೇಡಂ ಕಾರವಾರದ ಕಾಲೇಜಿನಲ್ಲಿ ನಮಗೆ ರಾಜ್ಯಶಾಸ್ತ್ರ ಕಲಿಸುತ್ತಿದ್ದರು. ಮನೆ ಅಲ್ಲೇ ಕೋಡಿಬಾಗದಲ್ಲಿ. ಸುರಗಿಯ ಕಾಲದಲ್ಲಿ ಅವರಿಗಿಂತ ಮೊದಲು ಅವರ ಮುಡಿಯ ವಾಸನೆ ತರಗತಿಯೊಳಗೆ ಬರುತ್ತಿತ್ತು. ನಾನು ಬಿ.ಎ. ಕೊನೆಯ ವರ್ಷದಲ್ಲಿದ್ದಾಗ ಅವರಿಗೊಂದು ಫೆಲೋಶಿಪ್ ಸಿಕ್ಕಿತು. ವರ್ಷವಿಡೀ ಬೆಂಗಳೂರಿನಲ್ಲಿದ್ದು ಶಾಸಕರೊಬ್ಬರಿಗೆ ವಿಧಾನಸಭೆಯ ಕೆಲಸದಲ್ಲಿ ನೆರವಾಗುವುದು, ಅವರಿಗಾಗಿ ಓದುವುದು, ಸದನದಲ್ಲಿ ಕೇಳಬೇಕಾದ ಪ್ರಶ್ನೆ ಬರೆದುಕೊಡುವುದು. "ಇಷ್ಟು ವರ್ಷ ಪುಸ್ತಕ ನೋಡಿ ಕಲಿಸಿದ್ನಲೆ, ಒಂದ್ಸಲ ಕಣ್ಣಾರೆ ನೋಡ್ಕಂಡು ಬರೂದು," ಎಂದು ಹುಡುಗಿಯರ ಹಾಗೆ ನಕ್ಕಿದ್ದರು.

ಹೊರಡುವ ಮುಂಚೆ ಅಂಕೋಲಾ ಬಳಿಯ ಬೊಬ್ರುವಾಡದ ನಮ್ಮ ಮನೆಗೆ ಬಂದರು. ಆ ಹೊತ್ತಿಗೆ ನಮಗೆ ದಿನಾ ಮೀನು ತರುವ ಹೆಂಗಸು ಅಂಗಳದಲ್ಲಿದ್ದಳು. ಅವಳ ಗಂಡ ಹಿಂದಿನ ವರ್ಷ ಕಡಲಿಗೆ ಹೋದವನು ತಿರುಗಿ ಬಂದಿರಲಿಲ್ಲ. ದೋಣಿಯಷ್ಟೇ ತೇಲಿಬಂದು ದಡಕ್ಕೆ ತಾಗಿತ್ತು. ಹೆಣ ಸಿಗದೆ ಮರಣಪತ್ರವಿಲ್ಲ, ಅದಿಲ್ಲದೆ ಪರಿಹಾರವಿಲ್ಲ. ಏಳು ವರ್ಷ ಕಾಯಬೇಕೆಂದು ಕಚೇರಿಯವರು ಹೇಳಿದ್ದರಂತೆ. ಅಮ್ಮ ಇದನ್ನೆಲ್ಲ ಹೇಳುವಾಗ ಆ ಹೆಂಗಸು ಮೀನು ಆರಿಸಿ ಹಾಕುತ್ತಿದ್ದಳು. ಮೇಡಂ ಕೇಳುತ್ತ ಕೇಳುತ್ತ ಚಹಾ ಕುಡಿಯುವುದನ್ನೇ ಮರೆತರು.

ಮುಂದಿನ ಅಧಿವೇಶನದಲ್ಲಿ ಅದು ಸದನದ ಪ್ರಶ್ನೆಯಾಯಿತು. ಮೇಡಂ ಬರೆದುಕೊಟ್ಟದ್ದನ್ನು ಶಾಸಕರು ಎದ್ದುನಿಂತು ಕೇಳಿದರು. ಬಿಡದೆ ಉಪಪ್ರಶ್ನೆಗಳನ್ನೂ ಕೇಳಿದರು. ಕಡಲಲ್ಲಿ ಕಾಣೆಯಾದವರನ್ನು ಬೇಗ ಮೃತರೆಂದು ಪರಿಗಣಿಸಿ ಮನೆಯವರಿಗೆ ಪರಿಹಾರ ಕೊಡುವುದಾಗಿ ಸಚಿವರು ಒಪ್ಪಿದರು. ಗ್ಯಾಲರಿಯಲ್ಲಿ ಕೂತಿದ್ದ ಮೇಡಂ ಹೊರಗೆ ಬಂದವರೇ ನನಗೆ ಫೋನ್ ಮಾಡಿದರು. ಖುಷಿಗೆ ಅಳುತ್ತಿದ್ದರು. ಆದೇಶವೂ ತಡವಾಗಲಿಲ್ಲ.

ರಜೆಗೆ ಬಂದಾಗ ಮೇಡಂ ನನ್ನನ್ನು ಕರೆದುಕೊಂಡು ಆ ಮೀನಿನ ಹೆಂಗಸಿನ ಮನೆಗೆ ಹೋದರು. ಸುದ್ದಿಯನ್ನು ತಾವೇ ಹೇಳಬೇಕೆಂದು ಅವರಿಗೆ ಆಸೆ. ದೀಪ ಹಚ್ಚುವ ಹೊತ್ತು, ಅಲೆಯ ಸದ್ದು ಮನೆಯೊಳಗೇ ಇದ್ದ ಹಾಗಿತ್ತು. ಹೆಂಗಸು ಚಾಪೆ ಹಾಸಿದಳು. ಅವಳ ಹಣೆಯಲ್ಲಿ ಕುಂಕುಮ, ತುರುಬಿನಲ್ಲಿ ಮೇಡಂ ಮುಡಿದಂಥದೇ ಸುರಗಿ ದಂಡೆ. ಒಲೆಯ ಪಕ್ಕ ಒಂದು ಗಂಗಾಳದಲ್ಲಿ ಅನ್ನ ಬಡಿಸಿ ಮುಚ್ಚಿಟ್ಟಿತ್ತು.

"ಇನ್ನು ನೀನು ಅಷ್ಟೆಲ್ಲ ವರ್ಷ ಕಾಯೂದು ಬೇಡ," ಎಂದರು ಮೇಡಂ.

ಅವಳಿಗೆ ಅರ್ಥವಾಗಲಿಲ್ಲ. ಮೇಡಂ ಬಿಡಿಸಿ ಹೇಳಿದರು. ಒಂದು ಅರ್ಜಿ ಕೊಟ್ಟರಾಯಿತು, ಅವಳ ಗಂಡನನ್ನು ಮೃತನೆಂದು... ಅಲ್ಲಿಗೆ ಮೇಡಂ ಮಾತು ನಿಂತಿತು. ಅವರ ಕಣ್ಣು ಆ ಗಂಗಾಳದ ಮೇಲೆ ಬಿದ್ದಿತ್ತು.

ಹೆಂಗಸು ಸಿಟ್ಟು ಮಾಡಲಿಲ್ಲ. ಮೆಲ್ಲಗೆ ಕೇಳಿದಳು: "ಅಕ್ಕೋರೇ, ಅಷ್ಟು ದೂರ ಹೋಗಿ, ದೊಡ್ಡೋರೆಲ್ಲ ಸೇರ್ಕಂಡು, ನನ್ನ ಗಂಡನ್ನ ಸಾಯ್ಸ್ಕಂಡು ಬಂದ್ರಾ?"

ವಾಪಸು ನಮ್ಮ ಮನೆ ಹತ್ತಿರ ಬಂದಾಗ ಮೇಡಂ, "ಆ ದಿವಸ ಅವಳು ಅಂಗಳದಲ್ಲೇ ಇದ್ದಿದ್ಲು. ನಾನು ನಿಮ್ಮಮ್ಮನ್ನ ಕೇಳಿದೆ, ಅವಳನ್ನ ಕೇಳ್ಲಿಲ್ಲ," ಎಂದರು.

ಅದೇ ಆದೇಶದಿಂದ ಆ ಕಡಲತೀರದ ಬೇರೆ ಮನೆಗಳಿಗೆ ಅನುಕೂಲವಾಯಿತು. ಆ ಮನೆಗಳ ಹೆಂಗಸರು ಮೇಡಂಗೆ ಕೈಮುಗಿಯುತ್ತಿದ್ದರು. ಮೇಡಂ ಮಾತ್ರ ಮುಖ ತಪ್ಪಿಸುತ್ತಿದ್ದರು. ಇನ್ನೊಂದು ವರ್ಷ ಇರಿ ಎಂದು ಶಾಸಕರು ಹೇಳಿದರೂ ಕೇಳದೆ ಕಾಲೇಜಿಗೆ ಮರಳಿದರು. ಪ್ರಶ್ನೋತ್ತರ ವೇಳೆಯ ಪಾಠ ಬಂದರೆ ನಡುವೆಯೇ ನಿಲ್ಲಿಸಿ ಕಿಟಕಿಯಾಚೆ ನೋಡುತ್ತಿದ್ದರಂತೆ... ಮುಂದಿನ ವರ್ಷಗಳ ಹುಡುಗಿಯರು ನನಗೆ ಹೇಳಿದ್ದು. ಭಾನುವಾರಗಳಲ್ಲಿ ಬಸ್ಸು ಹತ್ತಿ ಆ ಮೀನಿನ ಹೆಂಗಸಿನ ಮನೆಗೆ ಬರುತ್ತಿದ್ದರು. ಅರ್ಜಿಯ ಮಾತು ಮತ್ತೆ ಎತ್ತಲಿಲ್ಲ. ಅವಳೂ ಅರ್ಜಿ ಕೊಡಲಿಲ್ಲ. ಇಬ್ಬರೂ ಹೊಸ್ತಿಲಲ್ಲಿ ಕೂತು ಕಡಲು ನೋಡುತ್ತಿದ್ದುದನ್ನು ನಾನೇ ಕಂಡಿದ್ದೇನೆ. ಒಮ್ಮೆ ಮೇಡಂ ಹೇಳಿದರು: "ಈಗೀಗ ನಂಗೂ ಯಾರೋ ಬರ್ತಾರೆ ಹೇಳಿ ಅನ್ಸ್ತದೆ ಮಾರಾಯ್ತಿ."

ಹೋದ ಮಳೆಗಾಲದಲ್ಲಿ ಮೇಡಂ ಕಾಯಿಲೆ ಬಿದ್ದರು, ಏಳಲಿಲ್ಲ. ಕೋಡಿಬಾಗದ ಮನೆಗೆ ಆ ಹೆಂಗಸು ಸುರಿಯುವ ಮಳೆಯಲ್ಲೇ ಬಂದಳು. ಸೀದಾ ಹೋಗಿ ಮೇಡಂ ತಲೆಯ ಹತ್ತಿರ ಕೂತಳು. ಕೆನ್ನೆ ಮುಟ್ಟಿದಳು, ಹಣೆ ಮುಟ್ಟಿದಳು, ಮುಚ್ಚಿದ ಕಣ್ಣಿನ ಮೇಲೆ ಬೆರಳಾಡಿಸಿದಳು. ಎತ್ತುವ ಹೊತ್ತಾಯಿತೆಂದರೂ ಏಳಲಿಲ್ಲ. ಕೊನೆಗೆ ನನ್ನ ಕೈ ಹಿಡಿದು ಎದ್ದವಳು, "ಇವ್ರ ಮುಖ ಆದ್ರೂ ನೋಡೂಕೆ ಸಿಕ್ತು," ಎಂದಳು.

ಈಗ ಅಂಥದೇ ಫೆಲೋಶಿಪ್ ನನಗೂ ಸಿಕ್ಕಿದೆ. ಆ ಸುದ್ದಿ ಹೇಳಬೇಕಾದವರು ಒಬ್ಬರೇ ಇದ್ದರು... ಬೆಂಗಳೂರಿನ ಬಾಡಿಗೆ ಕೋಣೆಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ನಿನ್ನೆ ಚೀಲ ಹೆಗಲಿಗೇರಿಸಿ "ಬರ್ತೆ" ಎಂದು ಅಂಗಳಕ್ಕಿಳಿದಾಗ ಆ ಹೆಂಗಸು ಮೀನಿನ ಬುಟ್ಟಿ ಹೊತ್ತು ಬಂದಳು. ನಾನೆಲ್ಲಿಗೆ ಹೊರಟಿದ್ದೇನೆಂದು ಅಮ್ಮ ಹೇಳಿದಳು. ಅವಳು ಬುಟ್ಟಿ ಇಳಿಸಿ, ಕೈ ಒರೆಸಿಕೊಂಡು, ನನ್ನ ಗಲ್ಲ ಹಿಡಿದು ಬೆಳಕಿನ ಕಡೆ ತಿರುಗಿಸಿದಳು.

"ನಿಲ್ಲೇ," ಎಂದಳು, "ಒಂದ್ಸಲ ಸಮಾ ನೋಡ್ಕಂತೆ."