ಕರಬಸಪ್ಪನ ಕಾರ್ಬುರೇಟರಿನ ಸುಂಕ

ಹಂಸಭಾವಿಯಲ್ಲಿ ಕರಬಸಪ್ಪನಷ್ಟು ಒಳ್ಳೆಯ ಮನುಷ್ಯ ಇನ್ನೊಬ್ಬನಿಲ್ಲ. ಅವನಷ್ಟು ನನ್ನ ತಲೆ ತಿಂದವನೂ ಇನ್ನೊಬ್ಬನಿಲ್ಲ. ನಾನು ಬಸ್‌ಸ್ಟ್ಯಾಂಡಿನ ಎದುರು ಕಂಪ್ಯೂಟರ್ ಅಂಗಡಿ ಇಟ್ಟುಕೊಂಡವನು. ಪಹಣಿ ತೆಗೆಸುವವರು, ಪರೀಕ್ಷೆಯ ಫಲಿತಾಂಶ ನೋಡುವವರು ಬಂದು ಹೋಗುತ್ತಾರೆ. ಕರಬಸಪ್ಪ ಬಂದರೆ ಹೋಗುವುದಿಲ್ಲ. ಅರವತ್ತು ದಾಟಿದ ಈ ಮನುಷ್ಯ ಸವಣೂರಿನಿಂದ ವೀಳ್ಯದೆಲೆ ತಂದು ಹಿರೇಕೆರೂರು, ಹಾನಗಲ್ಲಿನ ಸಂತೆಗಳಿಗೆ ಮುಟ್ಟಿಸುತ್ತ ಬಾಳಿದವನು. ಆ ಬಾಳೆಲ್ಲ ಕಳೆದದ್ದು ಒಂದು ಹಳೆಯ ಇಂಗ್ಲಿಷ್ ಮೋಟಾರ್‌ಸೈಕಲ್ಲಿನ ಮೇಲೆ. ಅದರ ಸದ್ದಿಗೆ ಕಿವಿ ಮಂದವಾಗಿ, ಈಗ ಫೋನನ್ನು ಸ್ಪೀಕರಿಗೆ ಹಾಕದೆ ಮಾತಾಡಲಾರ. ಹೀಗಾಗಿ ಅವನ ಸಂಸಾರದ ಗುಟ್ಟೆಲ್ಲ ಊರಿಗೇ ಗೊತ್ತು.

ಕಾರ್ಬುರೇಟರು ಒಡೆದ ಮೇಲೆ ಆ ಗಾಡಿ ವರ್ಷಗಟ್ಟಲೆ ಪಡಸಾಲೆಯಲ್ಲೇ ನಿಂತಿತ್ತು. ಅಂಥ ಕಾರ್ಬುರೇಟರು ಈ ದೇಶದಲ್ಲಿ ಎಲ್ಲೂ ಸಿಗಲಿಲ್ಲ. ತುಕ್ಕು ಹಿಡಿದೀತೆಂದು ಕರಬಸಪ್ಪ ಗಾಡಿಗೆ ಕೌದಿ ಹೊದಿಸಿದ್ದ. ಅವನ ಹೆಂಡತಿ ಸರೋಜವ್ವನಿಗೋ ಅದೇ ಜಾಗದಲ್ಲಿ ಶಾವಿಗೆ ಮಷಿನ್ ಕೂರಿಸುವ ಆಸೆ.

“ಗುಜರಿ ಸಾಮಾನಕ್ಕ ಕೌದಿ ಹೊಚ್ಚ್ಯಾನ, ನನಗ ಬರೇ ಚಾಪಿ,” ಎಂದು ಆಕೆ ದಾರಿಯಲ್ಲಿ ಹೋಗುವವರನ್ನೂ ನಿಲ್ಲಿಸಿ ಹೇಳುತ್ತಿದ್ದಳು. ಕೊನೆಗೆ ತೀರ್ಪನ್ನೂ ಕೊಟ್ಟಳು. ಯುಗಾದಿಯೊಳಗೆ ಗಾಡಿ ರಿಪೇರಿಯಾಗಿ ರಸ್ತೆಗಿಳಿಯಬೇಕು, ಇಲ್ಲವೇ ಅದು ಸವಣೂರಿನ ಗುಜರಿ ವ್ಯಾಪಾರಿ ಖಲಂದರನ ಟೆಂಪೋ ಹತ್ತಬೇಕು.

ಕರಬಸಪ್ಪ ನನ್ನ ಅಂಗಡಿಯಲ್ಲಿ ಬೇರು ಬಿಟ್ಟದ್ದು ಆಗಲೇ. ಹುಡುಕಿ ಹುಡುಕಿ, ಇಂಗ್ಲೆಂಡಿನಲ್ಲಿ ಒಬ್ಬ ಮುದುಕ ಹಳೆಯ ಗಾಡಿಗಳ ಬಿಡಿಭಾಗ ಮಾರುತ್ತಾನೆಂದು ಪತ್ತೆ ಮಾಡಿದೆ. ಕಾರ್ಬುರೇಟರಿಗೆ ಐದು ಸಾವಿರ ರೂಪಾಯಿ, ನನ್ನ ಕಾರ್ಡಿನಿಂದಲೇ ಕಟ್ಟಿದೆ. ಮುದುಕ ಅದನ್ನು ಮಗುವಿನಂತೆ ಬಟ್ಟೆಯಲ್ಲಿ ಸುತ್ತಿ ಕಳಿಸಿದ, ಆದರೆ ಬಿಲ್ ಇಡಲು ಮರೆತ. ಮುಂಬೈಯಲ್ಲಿ ಕಸ್ಟಮ್ಸಿನವರು ಇದರ ಬೆಲೆ ಎಷ್ಟು ಎಂದು ಹಿಡಿದು ನಿಲ್ಲಿಸಿದರು. ಪಾರ್ಸೆಲ್ ಬಿಡಿಸಿಕೊಡುವ ಏಜೆಂಟರ ಆಫೀಸಿನಲ್ಲಿ ನಮ್ಮ ಕಡೆಯವನೇ ಆದ ಸುನೀಲ ಎಂಬ ನೌಕರನಿದ್ದ. ಅವನು ನೇರವಾಗಿ ಕರಬಸಪ್ಪನಿಗೇ ಫೋನು ಮಾಡಿದ. ಮಾಡಿದ ಗಳಿಗೆ ಮಾತ್ರ ಬಹಳ ಕೆಟ್ಟದ್ದಾಗಿತ್ತು.

ಅವತ್ತು ಶಿಗ್ಗಾವಿಯಲ್ಲಿ ಸರೋಜವ್ವನ ತಮ್ಮ ರುದ್ರೇಶನ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ಕಾರ್ಯ. ನಾನೂ ಊಟಕ್ಕೆ ಹೋಗಿದ್ದೆ. ಬೀಗರು ಒಬ್ಬರಿಗೊಬ್ಬರು ಬಟ್ಟೆಯ ಉಡುಗೊರೆ ಕೊಡುವ ಆಯಾರ ನಡೆದಿತ್ತು. ನಮ್ಮಲ್ಲಿ ಆಯಾರದ ಸೀರೆ, ಶರ್ಟು ಕೈಯಿಂದ ಕೈಗೆ ದಾಟುವಾಗ ಯಾರಾದರೂ “ಎಷ್ಟರದು?” ಎಂದು ಕೇಳಿಯೇ ಕೇಳುತ್ತಾರೆ. ಕೊಂಡ ಬೆಲೆಯನ್ನೇ ಹೇಳಿದರೆ ಕೊಟ್ಟವರಿಗೂ ಅವಮಾನ, ತಗೊಂಡವರಿಗೂ ಅವಮಾನ. ಐನೂರರ ಸೀರೆಗೆ ಎರಡು ಸಾವಿರ ಅನ್ನಬೇಕು. ಕೇಳಿದವರು ಮನಸ್ಸಿನಲ್ಲೇ ಕಳೆಯುವಷ್ಟು ಕಳೆದುಕೊಂಡು “ಆಗಬೇಕಲ್ಲ ಮತ್ತ” ಅನ್ನುತ್ತಾರೆ. ಇದು ಸುಳ್ಳು ಅಂತ ಯಾರಿಗೂ ಅನ್ನಿಸುವುದಿಲ್ಲ, ನನಗೂ ಅನ್ನಿಸುವುದಿಲ್ಲ.

ಅಂಥ ಸಭೆಯ ನಡುವೆ ಸ್ಪೀಕರಿನಲ್ಲಿ ಸುನೀಲನ ದನಿ ಎದ್ದಿತು: “ಕಾಕಾ, ಇಂಗ್ಲೆಂಡಿಂದ ನಿಮ್ಮ ಸಾಮಾನ ಬಂದೈತ್ರಿ. ಎಷ್ಟರದ್ರಿ ಅದು?”

ಬೀಗರೆಲ್ಲ ತಿರುಗಿ ನೋಡಿದರು. ರುದ್ರೇಶ ಕೈಯಲ್ಲಿದ್ದ ಲಾಡು ತಟ್ಟೆಗೆ ಇಟ್ಟ. ಕರಬಸಪ್ಪ ಮೀಸೆ ತೀಡಿ, “ಇಪ್ಪತ್ತೈದು ಸಾವಿರದ್ದರಿ,” ಅಂದ.

“ಖರೇನ ಕಾಕಾ?”

“ಹೆಚ್ಚಿಂದ ಐತಿ. ನಿಮಗ ಅಂತ ಕಡಿಮಿ ಹೇಳಾಕತ್ತೇನಿ.”

ಸರ್ಕಾರವೇನು ಆಯಾರಕ್ಕೆ ಬಂದ ಬೀಗನೇ? ಹೇಳಿದ್ದರಲ್ಲಿ ಒಂದು ರೂಪಾಯಿಯನ್ನೂ ಕಳೆಯದೆ ಲೆಕ್ಕ ಹಾಕಿತು. ಆ ಬೆಲೆಗೆ ಸಾಗಣೆ ಖರ್ಚು ಸೇರಿಸಿ ಸುಂಕ, ಸುಂಕದ ಮೇಲೆ ಸರ್ಚಾರ್ಜು, ಎಲ್ಲದರ ಮೇಲೆ ಜಿಎಸ್‌ಟಿ. ಒಟ್ಟು ತೆರಿಗೆ ಕಾರ್ಬುರೇಟರಿನ ನಿಜವಾದ ಬೆಲೆಯನ್ನೇ ಮೀರಿತು. ನಾನು ಹಣೆ ಚಚ್ಚಿಕೊಂಡೆ. ದುಡ್ಡು ಕಟ್ಟಿದ ರಸೀದಿ ನನ್ನ ಹತ್ತಿರವೇ ಇತ್ತು, ಅವನು ಹೂಂ ಅಂದರೆ ಕಳಿಸುತ್ತಿದ್ದೆ.

“ನಾಕ ಮಂದ್ಯಾಗ ಆಡಿದ ಮಾತು. ಈಗ ರುದ್ರೇಶಗ ಮಾರಿ ಹೆಂಗ ತೋರಸ್ಲಿ?” ಎಂದು ಕರಬಸಪ್ಪ ಹಟ ಹಿಡಿದ. ಬದಲಿಗೆ ಸುನೀಲನಿಗೇ ಫೋನು ಹಚ್ಚಿ, ಸವಣೂರಿನ ಖಾರಾ ತಿಂಡಿ ಕಳಿಸುತ್ತೇನೆ, ಹೇಗಾದರೂ ಬಿಡಿಸಿ ಕೊಡು ಎಂದ.

“ಅದು ಲಂಚ ಆಗತೈತ್ರಿ ಕಾಕಾ.”

“ಬರೇ ಅರ್ಧಾ ಕೇಜಿ!”

“ಅರ್ಧಾ ಕೇಜಿ ಲಂಚ ಆಗತೈತ್ರಿ.”

ಯುಗಾದಿ ಹತ್ತಿರ ಬಂತು. ಖಲಂದರನ ಟೆಂಪೋ ಮನೆಯ ಮುಂದೆ ನಿಂತಿತು. ಅದರಲ್ಲೇ ರುದ್ರೇಶ ಅಕ್ಕನ ಶಾವಿಗೆ ಮಷಿನ್ ಹೇರಿಕೊಂಡು ಬಂದಿದ್ದ. ನಾನು ಅಂಗಡಿಗೆ ಬೀಗ ಹಾಕಿ ಓಡಿದೆ. ಖಲಂದರ ಕೌದಿ ಸರಿಸಿ ಹಗ್ಗ ಎಲ್ಲಿ ಕಟ್ಟುವುದೆಂದು ನೋಡುತ್ತಿದ್ದ. ಕರಬಸಪ್ಪ ಪೆಟ್ರೋಲ್ ಟ್ಯಾಂಕಿನ ಮೇಲೆ ಇಟ್ಟ ಕೈ ತೆಗೆಯಲಿಲ್ಲ. ನನ್ನನ್ನು ಕಾಡಿದ ಮುದುಕ ನಿಜ, ಆದರೂ ನಾನು ಹೋಗಿ ಅವನ ಪಕ್ಕದಲ್ಲೇ ನಿಂತೆ.

ಅಷ್ಟರಲ್ಲಿ ಫೋನು ಬಂತು. “ಕಾಕಾ, ಇವತ್ತ ಕಡೀ ದಿನ. ಖರೇ ಬೆಲಿ ಹೇಳಿ ರಸೀದಿ ಕಳಸ್ರಿ, ಸುಂಕ ಇಳೀತೈತಿ. ಇಲ್ಲಂದ್ರ ಪಾರ್ಸೆಲ್ ವಾಪಸ್ ಇಂಗ್ಲೆಂಡಿಗೆ ಹೋಗತೈತಿ.”

ಕರಬಸಪ್ಪ ರುದ್ರೇಶನನ್ನು ನೋಡಿದ, ಗಾಡಿಯನ್ನು ನೋಡಿದ. “ಎಲ್ಲಾರೂ ಚೂರು ಹೊರಗ ಹೋಗ್ರಿ,” ಎಂದ. ಯಾರೂ ಹೋಗಲಿಲ್ಲ. ಹೊರಗೆ ನಿಂತಿದ್ದ ಇಬ್ಬರು ಒಳಗೆ ಬಂದರು.

“ಐದು ಸಾವಿರ,” ಎಂದ ಮೆಲ್ಲಗೆ.

“ಕೇಳಸಲಿಲ್ರಿ ಕಾಕಾ.”

“ಐದು ಸಾವಿರಾ!”

ಓಣಿಗೆಲ್ಲ ಕೇಳಿಸಿತು. ರುದ್ರೇಶ ಹೊಟ್ಟೆ ಹಿಡಿದುಕೊಂಡು ನಕ್ಕ. ಅವನ ಕೆನ್ನೆಗೆ ಬಾರಿಸಬೇಕು ಅನ್ನಿಸಿತು ನನಗೆ. ಜೀವಮಾನದಲ್ಲಿ ಮೊದಲ ಸಲ ಬೀಗರ ಮುಂದೆ ನಿಜವಾದ ಬೆಲೆ ಹೇಳಿದ ಕರಬಸಪ್ಪ ತಲೆ ತಗ್ಗಿಸಿ ನಿಂತಿದ್ದ. ನಾನು ಮೊಬೈಲಿನಿಂದ ರಸೀದಿ ಕಳಿಸಿದೆ.

“ಬಂತು ನೋಡ್ರಿ,” ಎಂದ ಸುನೀಲ ಖುಷಿಯಿಂದ. “ಇನ್ನ ಏನ್ ಸಾಮಾನ ಅಂತ ಬರೀಬೇಕು. ಹಳೇ ಗುಜರಿ ಅಂತ ಹಾಕ್ತೇನಿ.”

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಸರೋಜವ್ವ ಬಂದು ಫೋನು ಕಿತ್ತುಕೊಂಡಳು. “ಯಾಂವಪಾ ಗುಜರಿ ಅನ್ನಾಂವ? ಹಂಗ ಬರದಿದ್ರ ಗೆರಿ ಎಳದು ಹೊಡದ ಹಾಕು.”

“ಅಲ್ರೀ ಅವ್ವಾರ, ಅದು...”

“ಈ ಗಾಡಿ ಮ್ಯಾಲೆ ಕುಂತ ನಾ ಈ ಮನಿಗೆ ಬಂದೇನಿ. ಬ್ಯಾನಿ ಬಂದಾಗ ಹಾನಗಲ್ಲ ದವಾಖಾನಿಗೆ ಇದರ ಮ್ಯಾಲೇ ಹೋಗಿ, ಮಗಳನ್ನ ಮಡಲಾಗ ಇಟಗೊಂಡು ಇದರ ಮ್ಯಾಲೇ ಬಂದೇನಿ. ಗುಜರಿ ಅಂತ ನಾ ಅಂತೇನಿ. ನಾ ಅನ್ನಬಹುದು. ನೀ ಅನ್ನಾಂಗಿಲ್ಲ, ನಿನ್ನ ಸರಕಾರನೂ ಅನ್ನಾಂಗಿಲ್ಲ!”

ರುದ್ರೇಶನ ನಗು ನಿಂತಿತು. ಖಲಂದರ ಹಗ್ಗ ಹಿಡಿದುಕೊಂಡೇ, “ಅಕ್ಕಾರ, ಗಾಡಿ ಎತ್ತೋದೋ ಬ್ಯಾಡೋ?” ಎಂದ.

“ಏನೂ ಎತ್ತಬ್ಯಾಡ. ಮಷಿನ್ ಹಿತ್ತಲದಾಗ ಇಳಿಸಿ, ಚಾ ಕುಡದು ಹೋಗು.”

ಸುನೀಲನ ದನಿ ತಗ್ಗಿತ್ತು. “ಹಂಗಾರ ಏನಂತ ಬರೀಲ್ರಿ ಅವ್ವಾರ?”

ಸರೋಜವ್ವ ಗಂಡನ ಕಡೆ ನೋಡಿದಳು. ಅವನು ಗೋಡೆಯ ಕಡೆ ತಿರುಗಿ ಅಂಗಿಯ ತೋಳಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದ.

“ನಮ್ಮನಿಯವರ ಗಾಡೀದು ಅಂತ ಬರಿ,” ಅಂದಳು.