ತಾಜ್ ಪಾಷಾ ಒಪ್ಪಿಕೊಂಡ ಮಂದ ಎಣ್ಣೆ

ತಾಜ್ ಪಾಷಾ ಪೊಲೀಸ್ ಕೆಲಸಕ್ಕೆ ಸೇರಿ ಮೂವತ್ತೊಂದು ವರ್ಷವಾಗಿತ್ತು. ಅದರಲ್ಲಿ ಇಪ್ಪತ್ತಾರು ವರ್ಷ ಶಸ್ತ್ರಾಗಾರದ ಒಳಗೇ ಕಳೆದಿತ್ತು. ಕಳ್ಳರನ್ನು ಹಿಡಿದವರಲ್ಲ, ಬಂದೋಬಸ್ತಿಗೆ ನಿಂತದ್ದೂ ಕಡಿಮೆ. ಚಿಕ್ಕಬಳ್ಳಾಪುರದ ಹೊರಗಿದ್ದ ಆ ಕಟ್ಟಡದಲ್ಲಿ ಸಾಲಾಗಿ ನಿಂತಿದ್ದ ಇನ್ನೂರ ಹನ್ನೆರಡು ಎಸ್‌ಎಲ್‌ಆರ್ ರೈಫಲುಗಳನ್ನು ಬಿಚ್ಚಿ, ಒರೆಸಿ, ಎಣ್ಣೆ ಹಾಕಿ ಮತ್ತೆ ಜೋಡಿಸುವುದು ಅವರ ಕೆಲಸ. ಒಂದು ಗುಂಡು ಹಾರಿದ ಕೂಡಲೇ ಮುಂದಿನದನ್ನು ತಾನೇ ಒಳಗೆ ಎಳೆದುಕೊಳ್ಳುವ ಬಂದೂಕುಗಳವು. ಎಷ್ಟೋ ರೈಫಲುಗಳು ಪಾಷಾ ಅವರಿಗಿಂತ ಮೊದಲೇ ಸೇವೆಗೆ ಬಂದಿದ್ದವು.

ಎಣ್ಣೆಯ ಅಂದಾಜು ಅವರಿಗೆ ಪೊಲೀಸರು ಕಲಿಸಿದ್ದಲ್ಲ. ಶಿಡ್ಲಘಟ್ಟದಲ್ಲಿ ಅವರ ತಂದೆ ಖುರ್ಷಿದ್ ಸಾಹೇಬರು ರೇಷ್ಮೆ ನೂಲು ತೆಗೆಯುವ ಯಂತ್ರಗಳನ್ನು ಇಟ್ಟುಕೊಂಡಿದ್ದರು. ಅಲ್ಲಿ ಎಣ್ಣೆ ಹೆಚ್ಚಾದರೆ ನೂಲಿಗೆ ಕಲೆ, ಕಡಿಮೆಯಾದರೆ ಯಂತ್ರ ಕಿರುಚುತ್ತದೆ. ರೈಫಲಿಗೂ ಪಾಷಾ ಅದೇ ಲೆಕ್ಕ ಹಿಡಿದಿದ್ದರು. ಬೇಸಿಗೆಯಲ್ಲಿ ತೆಳು ಎಣ್ಣೆ, ಅದೂ ಉಜ್ಜಾಡುವ ಭಾಗಗಳಿಗೆ ಮಾತ್ರ, ಬೆರಳಿಗೆ ಅಂಟಿಯೂ ಅಂಟದಷ್ಟು. ಮದ್ದಿನ ಹೊಗೆ ಬಂದು ತಳ್ಳುವ ಪಿಸ್ಟನ್ನಿಗೆ ಒಂದು ಹನಿಯೂ ಕೂಡದು. ಅಲ್ಲಿ ಎಣ್ಣೆ ಉಳಿದರೆ ಸುಟ್ಟು ಮಸಿಯಾಗಿ, ಪಿಸ್ಟನ್ ಹಿಡಿದುಕೊಳ್ಳುತ್ತದೆ. ಜೊತೆಗೆ ಸುತ್ತಲಿನ ಕಲ್ಲು ಕ್ರಷರುಗಳ ಧೂಳು ಬೇರೆ. ಮಂದ ಎಣ್ಣೆ ಕಂಡರೆ ಆ ಧೂಳು ಬಿಡುವುದೇ ಇಲ್ಲ.

ಆ ವರ್ಷ ಫೆಬ್ರವರಿಯಲ್ಲಿ ಬಂದ ಡಬ್ಬಗಳಲ್ಲಿ ಇದ್ದದ್ದು ಮಂದ ಎಣ್ಣೆಯೇ. ಮಳೆಗಾಲದಲ್ಲಿ ಮುಟ್ಟದೆ ಇಡುವ ಬಂದೂಕಿಗೆ ಅದು ಸರಿ, ಗುಂಡು ಹಾರಿಸುವುದಕ್ಕಲ್ಲ ಎಂದು ಪಾಷಾ ಹೊಸದಾಗಿ ಬಂದಿದ್ದ ಇನ್‌ಸ್ಪೆಕ್ಟರ್ ಮುರಳಿಮೋಹನ್ ಅವರಿಗೆ ಹೇಳಿದರು. ಮುರಳಿಮೋಹನ್ ಕೆಟ್ಟ ಮನುಷ್ಯರಲ್ಲ. ಆದರೆ ಮಾರ್ಚಿನಲ್ಲಿ ಮೇಲಧಿಕಾರಿಗಳ ತಪಾಸಣೆ ಇತ್ತು. ಬಂದಿರುವುದು ಇದೇ ಎಣ್ಣೆ, ಎಲ್ಲಿಯಾದರೂ ತುಕ್ಕು ಕಂಡರೆ ತಾನೇ ಉತ್ತರ ಕೊಡಬೇಕು, ಎಲ್ಲವೂ ಹೊಳೆಯುತ್ತಿರಲಿ ಎಂದರು.

ಹತ್ತು ವರ್ಷದ ಹಿಂದೆ ಆಗಿದ್ದರೆ ಪಾಷಾ ಒಂದು ರೈಫಲನ್ನು ಅಲ್ಲಿಯೇ ಬಿಚ್ಚಿ ತೋರಿಸಿ ವಾದಿಸುತ್ತಿದ್ದರು. ಈಗ ಮಂಡಿ ನೋವು. ಹೆಂಡತಿ ಸಾಬ್ರೀನ್‌ಗೆ ಕಣ್ಣಿನ ಆಪರೇಷನ್ ಆಗಿ, ಮನೆಯ ಅಡುಗೆಯೂ ಅವರ ತಲೆಗೇ ಬಿದ್ದಿತ್ತು. ನಿವೃತ್ತಿಗೆ ಎಂಟು ತಿಂಗಳು ಉಳಿದಿತ್ತು. ಆಗಲಿ ಸಾರ್ ಅಂದುಬಿಟ್ಟರು.

ಸಹಾಯಕ್ಕೆ ಕೊಟ್ಟ ಇಬ್ಬರು ಪೇದೆಗಳು ಅವಸರದಲ್ಲಿ ಮೇಲೆ, ಒಳಗೆ, ಪಿಸ್ಟನ್ನಿಗೆ ಎಂದು ನೋಡದೆ ಎಣ್ಣೆ ಬಳಿದರು. ಪಾಷಾ ಅದನ್ನು ಕಂಡರು. ತೆಗೆದು ಒರೆಸಿ ಎಂದು ಹೇಳಲು ಬಾಯಿ ತೆರೆದವರು ಸುಮ್ಮನಾದರು. ಹೇಳಿದರೆ ಜೊತೆಗೆ ತಾವೂ ನೆಲದ ಮೇಲೆ ಕೂತು ಎರಡು ದಿನ ಒರೆಸಬೇಕಿತ್ತು. ಪುಸ್ತಕದಲ್ಲಿ 'ಬಳಕೆಗೆ ಯೋಗ್ಯ' ಎಂಬುದರ ಕೆಳಗೆ ಸಹಿ ಹಾಕಿದರು. ತಪಾಸಣೆ ಚೆನ್ನಾಗಿಯೇ ನಡೆಯಿತು.

ಎರಡು ವಾರದ ನಂತರ, ಬೆಟ್ಟದ ಬುಡದ ಬಯಲಿನಲ್ಲಿ ವಾರ್ಷಿಕ ಫೈರಿಂಗ್. ಅಂದು ಜಿಲ್ಲೆಯ ಪೊಲೀಸ್ ಶೂಟಿಂಗ್ ತಂಡಕ್ಕೆ ಇಬ್ಬರು ಮಹಿಳೆಯರನ್ನು ಆರಿಸುವುದಿತ್ತು. ಹಿಂದಿನ ಸಂಜೆ ಪಾಷಾ ನಳಿಗೆಗಳನ್ನೆಲ್ಲ ಒಣಬಟ್ಟೆಯಿಂದ ಎಳೆದು ಒರೆಸಿದ್ದರು. ಪಿಸ್ಟನ್ ಬಿಚ್ಚಿ ನೋಡುವಷ್ಟು ತ್ರಾಣ ಉಳಿದಿರಲಿಲ್ಲ.

ಯಾಮಿನಿ ಅಂಬಾಜಿದುರ್ಗದ ಕೆಳಗಿನ ಹಳ್ಳಿಯವಳು, ಬೇಸಾಯದ ಮನೆಯಿಂದ ಬಂದ ಪೇದೆ. ಹಿಂದಿನ ವರ್ಷ ನಾಲ್ಕೇ ಅಂಕದಿಂದ ಅವಳಿಗೆ ತಂಡ ತಪ್ಪಿತ್ತು. ಬೇಗ ಬೇಗನೆ ಹತ್ತು ಗುಂಡು ಹಾರಿಸುವ ಸುತ್ತಿನಲ್ಲಿ ಅವಳ ರೈಫಲ್ ಮೂರನೆಯ ಗುಂಡಿಗೆ ನಿಂತಿತು. ಎಳೆದು ಸರಿಮಾಡಿಕೊಂಡಳು. ಆರನೆಯದು ಹಾರಿದ ಮೇಲೆ ಮತ್ತೆ ನಿಂತಿತು. ಅಷ್ಟರಲ್ಲಿ ಸೀಟಿ ಊದಿದರು. ನಾಲ್ಕು ಗುಂಡು ಒಳಗೇ ಉಳಿದವು. ಹಿಡಿತ ಸಡಿಲವಾದರೆ ಹೀಗಾಗುತ್ತದೆ ಎಂದು ಹೇಳುತ್ತ ಮುರಳಿಮೋಹನ್ ಬರೆದುಕೊಳ್ಳತೊಡಗಿದರು. ಅವಳು ತಲೆ ತಗ್ಗಿಸಿ, ಹೌದು ಸಾರ್, ಭುಜಕ್ಕೆ ಸರಿಯಾಗಿ ಒತ್ತಲಿಲ್ಲ ಅನ್ಸುತ್ತೆ ಎಂದಳು.

ಪಾಷಾ ಆ ರೈಫಲನ್ನು ತೆಗೆದುಕೊಂಡು ಹೋಗಿ ಜೀಪಿನ ನೆರಳಲ್ಲಿ ಬಿಚ್ಚಿದರು. ಪಿಸ್ಟನ್ ಎಳೆದರೆ ಬರಲಿಲ್ಲ, ತಿರುಚಿ ತೆಗೆಯಬೇಕಾಯಿತು. ಅದರ ತುಂಬ ಬಾಣಲೆಯ ತಳದ ಜಿಡ್ಡಿನಂಥ ಕಪ್ಪು. ಒಂದು ಚಿಂದಿಯಿಂದ ಒರೆಸಿ ಜೋಡಿಸಿಟ್ಟಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಚಿಂದಿ ಕೈಯಲ್ಲೇ ಇತ್ತು. ದೂರದಲ್ಲಿ ಆ ಹುಡುಗಿ ಬರಿಗೈಯಲ್ಲಿ ನಿಂತು, ಬಲಭುಜವನ್ನು ಮುಂದಕ್ಕೆ ಹಿಂದಕ್ಕೆ ಮಾಡಿ ತಾನು ಎಲ್ಲಿ ತಪ್ಪಿದೆ ಎಂದು ನೋಡಿಕೊಳ್ಳುತ್ತಿದ್ದಳು. ಪಾಷಾ ಒರೆಸದ ಪಿಸ್ಟನ್ನನ್ನು ಹಿಡಿದು ಎದ್ದು ಮುರಳಿಮೋಹನ್ ಬಳಿಗೆ ಹೋದರು.

"ಸಾರ್, ಆ ಹುಡುಗಿ ಸರಿಯಾಗೇ ಹಿಡಿದವ್ಳೆ. ತಪ್ಪು ನಂದು. ಇದರ ಮೇಲೆ ಎಣ್ಣೆ ಇರಬಾರ್ದು. ಇರೋದು ನಂಗೆ ಗೊತ್ತಿತ್ತು, ಗೊತ್ತಿದ್ದೂ ಸೈನ್ ಹಾಕ್ದೆ."

ಮುರಳಿಮೋಹನ್ ಪಿಸ್ಟನ್ನನ್ನೂ ಪಾಷಾ ಅವರ ಮುಖವನ್ನೂ ನೋಡಿದರು. ಎಣ್ಣೆಯ ಮಾತು ಅವರಿಗೂ ನೆನಪಾಗಿರಬೇಕು. ದನಿ ತಗ್ಗಿಸಿ, "ಬರ್ದು ಕೊಡ್ತೀರಾ?" ಎಂದರು.

"ಕೊಡ್ತೀನಿ ಸಾರ್."

ಉಳಿದವರನ್ನು ಒಂದು ಗಂಟೆ ನಿಲ್ಲಿಸಿ, ಅಂದು ತಂದಿದ್ದ ರೈಫಲುಗಳ ಪಿಸ್ಟನ್ನುಗಳನ್ನೆಲ್ಲ ಒಣಗಿಸಿದರು. ನಿಂತ ರೈಫಲಿನವರಿಗೆಲ್ಲ ಮತ್ತೆ ಅವಕಾಶ ಸಿಕ್ಕಿತು. ಯಾಮಿನಿಯ ಹತ್ತೂ ಗುಂಡು ತಡೆಯಿಲ್ಲದೆ ಹೋದವು. ಅವಳು ಮೂರನೆಯವಳಾದಳು. ತಂಡಕ್ಕೆ ಬೇಕಿದ್ದವರು ಇಬ್ಬರೇ.

ಸಂಜೆ ಅವಳೇ ಹುಡುಕಿಕೊಂಡು ಬಂದಳು. "ನೀವು ಹೇಳದೆ ಇದ್ದಿದ್ರೆ ಈ ವರ್ಷವೆಲ್ಲ ನನ್ನನ್ನೇ ನಾನು ಬೈಕೊಂಡಿರ್ತಿದ್ದೆ ಸಾರ್" ಎಂದಳು.

"ಇನ್ಮೇಲೆ ಯಾರ ಸೈನೂ ನಂಬಬೇಡ ಕಣಮ್ಮ. ನಿನ್ನ ರೈಫಲ್ ನೀನೇ ಬಿಚ್ಚಿ ನೋಡು" ಎಂದರು ಪಾಷಾ. ಬಿಚ್ಚೋಕೆ ಬರುತ್ತೆ, ಎಣ್ಣೆ ಅಂದಾಜು ನಂಗೆ ಗೊತ್ತಾಗಲ್ಲ ಎಂದಳು. ಬಾ, ಹೇಳ್ಕೊಡ್ತೀನಿ ಅಂದರು.

ಮೂರು ದಶಕದ ಸೇವಾ ಪುಸ್ತಕದಲ್ಲಿ ಮೊದಲ ಬಾರಿ ಒಂದು ಎಚ್ಚರಿಕೆ ಸೇರಿತು. ಸಾಬ್ರೀನ್‌ಗೆ ಅದನ್ನು ಹೇಳಿದಾಗ, ಊಟ ಮಾಡಿ ಮಲಗಿ ಎಂದಷ್ಟೇ ಅವರು ಹೇಳಿದರು. ಮುರಳಿಮೋಹನ್ ತೆಳು ಎಣ್ಣೆಗಾಗಿ ಬರೆದರು; ಅದು ಏಪ್ರಿಲ್ ಕೊನೆಗೆ ಬಂತು. ಇನ್ನೂರ ಹನ್ನೆರಡು ರೈಫಲುಗಳನ್ನೂ ಮೊದಲಿನಿಂದ ಬಿಚ್ಚಿ ತೊಳೆಯಲು ಹನ್ನೊಂದು ದಿನ ಹಿಡಿಯಿತು. ಡ್ಯೂಟಿ ಇಲ್ಲದ ದಿನಗಳಲ್ಲಿ ಯಾಮಿನಿ ಬಂದು ಕೂತಳು. ಮೊದಲ ದಿನ ಅವಳು ಸುರಿದ ಎಣ್ಣೆಯನ್ನೆಲ್ಲ ಪಾಷಾ ಒರೆಸಿ ತೆಗೆಸಿದರು. ಎಂಟನೆಯ ದಿನದ ಹೊತ್ತಿಗೆ ಅವಳು ಮುಗಿಸಿದ್ದನ್ನು ತೆಗೆದು ನೋಡುವುದನ್ನು ಬಿಟ್ಟು, ಗೋಡೆಗೆ ಒರಗಿ ಕಾಲು ಚಾಚಿದರು.

ಅಕ್ಟೋಬರಿನಲ್ಲಿ ನಿವೃತ್ತರಾಗಿ ಶಿಡ್ಲಘಟ್ಟಕ್ಕೆ ಹೋದರು. ಒಂದು ಮಧ್ಯಾಹ್ನ ಅವರು ಮಲಗಿದ್ದಾಗ ಯಾಮಿನಿ ಫೋನ್ ಮಾಡಿದಳು. ಒಂದು ರೈಫಲಿನ ಸ್ಪ್ರಿಂಗ್ ಸಡಿಲವಾದಂತಿದೆ, ಎಣ್ಣೆ ಹಾಕಿದರೆ ಸರಿಹೋಗುತ್ತದೆಯೇ ಎಂದು ಕೇಳಿದಳು. ಸೋತ ಸ್ಪ್ರಿಂಗಿಗೆ ಎಣ್ಣೆ ಮದ್ದಲ್ಲ, ಬದಲಾಯಿಸಬೇಕು ಎಂದರು ಪಾಷಾ. ಫೋನನ್ನು ದಿಂಬಿನ ಪಕ್ಕ ಇಟ್ಟು, ಮಗ್ಗುಲಾಗಿ ಮತ್ತೆ ನಿದ್ದೆಹೋದರು.