ಫಿಜಿ ಆಂಟಿಯ ಬಾಯಿ

ಅವರ ಎರಡೂ ಕೈಗಳ ಮೇಲೆ, ಮಣಿಕಟ್ಟಿನಿಂದ ಮೊಣಕೈ ದಾಟುವವರೆಗೆ, ಬಿಳಿ ಗೀರುಗಳು ಒಂದರ ಮೇಲೊಂದು ಅಡ್ಡಾದಿಡ್ಡಿ ಬಿದ್ದಿದ್ದವು. ಕಬ್ಬಿನ ಗರಿ ಕೊಯ್ದ ಗುರುತುಗಳು ಅವು. ಬ್ಲ್ಯಾಕ್‌ಟೌನಿನ ಕ್ಲಿನಿಕ್ಕಿಗೆ ಹೊಸದಾಗಿ ಬಂದಿದ್ದ ಡಾಕ್ಟರ್ ಹುಡುಗಿಯೊಬ್ಬಳು ಬಿಪಿ ನೋಡಲು ತೋಳು ಸರಿಸಿದಾಗ ಅವನ್ನು ಕಂಡು ಗಾಬರಿಯಾಗಿ, ದನಿ ತಗ್ಗಿಸಿ, "ನಿಮಗೆ ನೀವೇ ನೋವು ಮಾಡಿಕೊಳ್ಳುತ್ತೀರಾ?" ಎಂದು ಕೇಳಿದಳಂತೆ. "ನಾನ್ಯಾಕ ಮಾಡ್ಕೊಳ್ಳಲಿ? ಮನ್ಯಾಗ ಗಂಡ ಅದಾನಲ್ಲ, ಅವಗ ಮಾಡ್ತೀನಿ" ಎಂದರಂತೆ ಆಂಟಿ. ಆ ಹುಡುಗಿ ಅದನ್ನು ನಿಜವೆಂದೇ ನಂಬಿ ಮನೆಗೆ ಸೋಷಿಯಲ್ ವರ್ಕರ್ ಒಬ್ಬಳನ್ನು ಕಳಿಸಿದಳು. ಬಂದವಳಿಗೆ ಆಂಟಿ ಬಾತುಕೋಳಿ ಸಾರು ಬಡಿಸಿದರು, ಉಣ್ಣುತ್ತಿರುವಾಗಲೇ ಅವಳ ಸೊಂಟದ ಸುತ್ತಳತೆಯ ಬಗ್ಗೆ ಮಾತಾಡಿ ಕಣ್ಣಲ್ಲಿ ನೀರು ಬರಿಸಿ ಕಳಿಸಿದರು.

ಹುಬ್ಬಳ್ಳಿಯಿಂದ ಬಂದ ಹೊಸದರಲ್ಲಿ ನಾನೂ ನನ್ನ ಗಂಡನೂ ಅವರ ಹಿತ್ತಿಲಿನಲ್ಲಿದ್ದ ಗ್ರ್ಯಾನಿ ಫ್ಲ್ಯಾಟ್ ಎಂಬ ಪುಟ್ಟ ಮನೆಯಲ್ಲಿ ರೆಂಟಿಗಿದ್ದೆವು. ಗಂಡ ಬೆಳಿಗ್ಗೆ ನಾರ್ವೆಸ್ಟಿನ ಆಫೀಸಿಗೆ ಹೋದರೆ ಸಂಜೆಯೇ ಬರುವುದು. ಇಡೀ ದಿನ ನನ್ನ ಕಿವಿಗೆ ಬೀಳುತ್ತಿದ್ದದ್ದು ಆಂಟಿಯ ಬಾಯಿ ಒಂದೇ. ಅವರದು ಫಿಜಿ ಹಿಂದಿ, ನನ್ನದು ಹುಬ್ಬಳ್ಳಿ ಹಿಂದಿ. ದಿಲ್ಲಿಯವರು ಕೇಳಿದ್ದರೆ ಕಿವಿ ಮುಚ್ಚಿಕೊಳ್ಳುತ್ತಿದ್ದರು. ಆದರೆ ಅವರ ಬೈಗುಳ ನನ್ನ ತಲೆಯಲ್ಲಿ ನಮ್ಮೂರ ಕನ್ನಡವಾಗಿಯೇ ಉಳಿದುಬಿಟ್ಟಿದೆ, ಇಲ್ಲೂ ಹಾಗೇ ಬರೆಯುತ್ತೇನೆ. ನನ್ನನ್ನು ಹೆಸರು ಹಿಡಿದು ಕರೆದವರಲ್ಲ, "ಏ ಇಂಡಿಯಾ" ಎನ್ನುತ್ತಿದ್ದರು. ಅವರ ಮುತ್ತಜ್ಜನನ್ನು ಬ್ರಿಟಿಷರು ಕಬ್ಬು ಕಡಿಯಲೆಂದು ಹಡಗಿನಲ್ಲಿ ತುಂಬಿಕೊಂಡು ಹೋಗಿ ಆ ದ್ವೀಪದಲ್ಲಿ ಇಳಿಸಿದ್ದರು. "ನಮ್ಮನ್ನ ಎಳಕೊಂಡ ಹೋದ್ರು. ನೀವು ಟಿಕೆಟ್ ತಗಸಿ ಬಂದೀರಿ. ಮತ್ತ ಅಳಾವ್ರು ಯಾರು? ನೀವ!" ಎಂದು ಹಂಗಿಸುತ್ತಿದ್ದರು.

ನಾನು ಅಳುತ್ತಿದ್ದದ್ದೇನೋ ನಿಜ. ಬಸುರಿಯಾಗಿದ್ದೆ. ಬಾಣಂತನಕ್ಕೆ ಅವ್ವ ಬರಬೇಕಿತ್ತು, ವೀಸಾ ಆಗಲಿಲ್ಲ. ಒಂದು ದಿನ ಹಿತ್ತಿಲಲ್ಲಿ ಬಟ್ಟೆ ಒಣಹಾಕುತ್ತ ಬಿಕ್ಕುತ್ತಿದ್ದಾಗ ಹಿಂದಿನಿಂದ ದನಿ ಬಂತು: "ಅಳೂದಿದ್ರ ಆ ಬೇಲಿ ಕಡೆ ಹೋಗಿ ಅಳು. ಒಗದ ಅರಿವಿ ಮ್ಯಾಲ ಸಿಂಬಳ ಬೀಳತೈತಿ."

ತಿರುಗಿ ನೋಡಿದರೆ ಆಂಟಿ ಮೆಟ್ಟಿಲ ಮೇಲೆ ಕೂತು ಮರಗೆಣಸು ಹೆಚ್ಚುತ್ತಿದ್ದರು. ಕೈ ನಿಲ್ಲಿಸದೆ ಹೇಳಿದರು: "ನನ್ನ ಮೊದಲನೇ ಕೂಸು ಮಳಿಗಾಲದಾಗ ಹುಟ್ಟಿತು. ಹೊಳಿ ಬಂದಿತ್ತು, ದವಾಖಾನಿಗೆ ಹೋಗಾಕ ದಾರಿ ಇರಲಿಲ್ಲ. ಸಂಜಿಮಟಾ ಉಸಿರಾಡಿ ಹೋತು. ಮರುದಿನ ನಮ್ಮತ್ತಿ, ಆಕಳಾ ಹಿಂಡಿದೇನ ಅಂತ ಕೇಳಿದ್ಲು. ನಿನಗ ನಿಮ್ಮವ್ವ ಬರಲಿಲ್ಲನ್ನೂದ ದೊಡ್ಡ ದುಃಖ."

ಬಸುರಿಯ ಮುಂದೆ ಆಡುವ ಮಾತೇ ಅದು? ಸಿಟ್ಟು ನೆತ್ತಿಗೇರಿತು. ಬಟ್ಟೆಯ ಬುಟ್ಟಿಯನ್ನು ಅಲ್ಲೇ ಒಗೆದು ಒಳಗೆ ಹೋಗಿ ಬಾಗಿಲು ಬಡಿದೆ. ಸಿಟ್ಟಿನಲ್ಲಿ ಅಳು ಎಲ್ಲಿ ಹೋಯಿತೋ, ಆಮೇಲೆ ಹುಡುಕಿದರೂ ಸಿಗಲಿಲ್ಲ.

ಮಗ ಹುಟ್ಟಿ ನಾನು ಮನೆಗೆ ಬಂದ ಮರುದಿನ ಆಂಟಿ ಬಾಗಿಲು ಸಹ ಬಡಿಯದೆ ಕೊಬ್ಬರಿ ಎಣ್ಣೆಯ ಶೀಸೆ ಹಿಡಿದು ಒಳಗೆ ಬಂದರು. ಕೂಸನ್ನು ನನ್ನ ಕೈಯಿಂದ ಕಿತ್ತುಕೊಂಡು, ಕಾಲು ಚಾಚಿ ಕೂತು, ಎಣ್ಣೆ ತಿಕ್ಕಿ ಎರೆದರು. "ಮಂಗ್ಯಾನ ಮುಖ. ಯಾರನ್ನ ಹೋಲತೈತಿ, ನಿನ್ನನ್ನೋ ಆ ಬೋಳತಲಿಯವನ್ನೋ?" ಎಂದರು. ಬೋಳುತಲೆಯವನು ಎಂದರೆ ನನ್ನ ಗಂಡ. "ಹಾಲು ಕುಡಸಾಕ ಬರಂಗಿಲ್ಲ, ಎಂಎಸ್ಸಿ ಓದೀಯಂತ" ಎನ್ನುತ್ತ ಕೂಸಿನ ತಲೆಯನ್ನು ನನ್ನೆದೆಗೆ ಸರಿಯಾಗಿ ಹಿಡಿಸಿದರು. ಮಗ ಕತ್ತು ನಿಲ್ಲಿಸುವವರೆಗೂ ಹೀಗೆ ದಿನಾ ಬಂದರು, ದಿನಾ ಬೈದರು. ನನ್ನ ಅವ್ವ ಫೋನಿನಲ್ಲಿ, "ಆಕಿ ಛಲೋ ಹೆಣಮಗಳು ಇದ್ದಂಗ ಅದಾಳ ಬಿಡು" ಎಂದಾಗ, "ಒಂದು ದಿನ ಆಕಿ ಜೋಡಿ ಇದ್ದು ನೋಡು" ಎಂದು ನಾನು ರೇಗಿದ್ದೆ.

ತಮ್ಮ ಗಂಡನ ಮೇಲಂತೂ ಆಂಟಿಯ ಬಾಯಿಗೆ ಬಿಡುವೇ ಇರಲಿಲ್ಲ. ಅಂಕಲ್ ಉದ್ದನೆಯ, ಬೆನ್ನು ಬಾಗಿದ ಮನುಷ್ಯ. ಮಧ್ಯಾಹ್ನದ ಮೇಲೆ ಗ್ಯಾರೇಜಿನಲ್ಲಿ ಚಾಪೆ ಹಾಸಿ ಮರದ ಬೋಗುಣಿಯಲ್ಲಿ ಗ್ರಾಗ್ ಕಲಸಿಕೊಂಡು ಕೂರುತ್ತಿದ್ದರು. ಕಾವಾ ಎಂಬ ಬೇರಿನ ಪುಡಿಯನ್ನು ಬಟ್ಟೆಯಲ್ಲಿ ಹಿಂಡಿ ತೆಗೆದ ಕೆಸರು ಬಣ್ಣದ ನೀರು ಅದು. ಕುಡಿದರೆ ನಾಲಿಗೆ ಜೋಮು ಹಿಡಿಯುತ್ತದೆ.

"ಕುಡಿ, ಕುಡಿ. ನಿನ್ನ ನಾಲಿಗಿ ಸತ್ತರ ನನಗ ಪುಣ್ಯಾ" ಎಂದು ಆಂಟಿ ಅಡುಗೆಮನೆಯಿಂದ ಕೂಗುವರು.

"ನಿನ್ನ ನಾಲಿಗಿ ಸಾಯಾಕ ಇಡೀ ಫಿಜಿ ಗ್ರಾಗ್ ಸಾಲಂಗಿಲ್ಲ, ರಾಕ್ಷಸಿ!" ಎಂದು ಅಂಕಲ್ ಗ್ಯಾರೇಜಿನಿಂದ ತಿರುಗಿ ಕೊಡುವರು.

ಮೊದಮೊದಲು ನನಗೆ ಪೊಲೀಸರಿಗೆ ಫೋನ್ ಮಾಡಬೇಕೇನೋ ಅನ್ನಿಸುತ್ತಿತ್ತು. ಬರಬರುತ್ತ ಗೊತ್ತಾಯಿತು, ಆ ಇಬ್ಬರಿಗೆ ಬೇರೆ ಥರ ಮಾತಾಡಲು ಬರುವುದೇ ಇಲ್ಲ. ಮಾತ್ರೆ ತೆಗೆದುಕೊಂಡೆಯಾ ಎಂದು ಕೇಳಲು ಆಂಟಿ "ಗುಳಿಗಿ ನುಂಗಿ ಸಾಯಿ" ಎನ್ನುತ್ತಿದ್ದರು. ಚಹಾ ಚೆನ್ನಾಗಿದೆ ಎನ್ನಲು ಅಂಕಲ್ "ಇವತ್ತ ವಿಷಾ ಹಾಕೂದು ಮರತಿ" ಎನ್ನುತ್ತಿದ್ದರು. ಬೈದು ಬೈದು ಇಬ್ಬರೂ ಗಟ್ಟಿಯಾಗಿದ್ದರು.

ಅಂಕಲ್ ಕೂತರೆ ನಿಂತರೆ ಊರಿನ ಮಾತು. ದ್ವೀಪ ಎಂದರೆ ನಾನು ಸಮುದ್ರ, ಮರಳು, ತೆಂಗು ಅಂದುಕೊಂಡಿದ್ದೆ. ಅವರ ಊರು ಒಳನಾಡಿನ ಗುಡ್ಡಗಳ ಸಂದಿಯಲ್ಲಿತ್ತು. ಸಮುದ್ರ ನೋಡದೇ ಸತ್ತ ಮುದುಕಿಯರೂ ಅಲ್ಲಿದ್ದರಂತೆ. ಹತ್ತಾರು ಮನೆ, ಕಬ್ಬು, ಒಂದಿಷ್ಟು ಭತ್ತ, ಒಂದು ಹೊಳೆ, ಅಂಗಳಗಳಲ್ಲಿ ಬಿದಿರುಗಳದ ಮೇಲೆ ಹನುಮಂತನ ಕೆಂಪು ಬಾವುಟ. ಭೂಮಿ ಮಾತ್ರ ಇವರದಲ್ಲ, ದ್ವೀಪದ ಮೂಲ ಜನರದು. ಇವರು ಲೀಸಿಗೆ ಪಡೆದು ಉಳುತ್ತಿದ್ದರು. ಲೀಸ್ ಮುಗಿದಾಗ ಒಡೆಯರು ಭೂಮಿ ವಾಪಸ್ ಕೇಳಿದರು. ಹಾಗೆ ಬಿಟ್ಟು ಹೋಗುವವರು ಮನೆಯನ್ನೂ ಬಿಚ್ಚಿ, ತಗಡು ಹಲಗೆಗಳನ್ನು ಜೊತೆಗೇ ಒಯ್ಯುವುದು ಅಲ್ಲಿನ ರೂಢಿ. ಅಂಕಲ್‌ಗೆ ಅದನ್ನು ನೋಡಲಾಗದೆ ಪೇಟೆಗೆ ಹೋಗಿ ಕೂತರು. ಸೂರಿನ ಮೇಲೆ ಹತ್ತಿ ಮೊಳೆ ಕಿತ್ತವರು ಆಂಟಿ. "ಅವರ ಭೂಮಿ ಅವರು ಕೇಳಿದ್ರು, ತಪ್ಪೇನೈತಿ?" ಎನ್ನುತ್ತಿದ್ದರು. ಅಂಕಲ್ ಊರು ಎಂದದ್ದನ್ನು ಅವರು "ಆ ಗುಂಡಿ" ಎನ್ನುತ್ತಿದ್ದರು.

ಬಿಟ್ಟು ಬಂದದ್ದರಲ್ಲಿ ಅಂಕಲ್‌ಗೆ ಮನೆಗಿಂತ ಹೆಚ್ಚು ಕಾಡುತ್ತಿದ್ದದ್ದು ಒಂದು ಜೋಡಿ ಎತ್ತು. ಕರಿಯದು ಸಾಲಿನ ತುದಿ ಮುಟ್ಟಿದರೆ ತಾನೇ ತಿರುಗುತ್ತಿತ್ತಂತೆ. ಕೆಂದನೆಯದಕ್ಕೆ ಕಿವಿ ಕೆರೆಯದಿದ್ದರೆ ನೊಗಕ್ಕೆ ಕತ್ತು ಕೊಡುತ್ತಿರಲಿಲ್ಲವಂತೆ. ಅವನ್ನು ಒಡೆಯರ ಊರಿನ ಹಿರಿಯನಿಗೆ ಸಾಕಿಕೊಳ್ಳಲು ಕೊಟ್ಟೆ ಎಂದು ಆಂಟಿ ಹೇಳಿದ್ದರು. ಇಪ್ಪತ್ತು ವರ್ಷ ದಾಟಿತ್ತು, ಬದುಕಿರುವುದಿಲ್ಲ ಎಂದು ಅಂಕಲ್‌ಗೂ ಗೊತ್ತಿತ್ತು. "ಹೊಳಿ ದಂಡಿಗೆ ಹುಗದಿರತಾರವ್ವ. ಸಾಯೂದ್ರೊಳಗ ಒಮ್ಮೆ ಹೋಗಿ ಆ ಜಾಗಾ ಮುಟ್ಟಿ ಬರಬೇಕು" ಎನ್ನುತ್ತಿದ್ದರು. ಅವರಿಗೆ ಈ ಜನ್ಮದಲ್ಲಿ ಬೇಕಾಗಿದ್ದದ್ದು ಅಷ್ಟೇ.

ಒಬ್ಬನೇ ಮಗ ಮೆಲ್ಬರ್ನಿನ ಪಾಯಿಂಟ್ ಕುಕ್ಕಿನಲ್ಲಿದ್ದ. ಜೇನಿನಂಥ ಬಾಯಿ. "ನೆಕ್ಸ್ಟ್ ಇಯರ್ ಪಕ್ಕಾ, ಪಪ್ಪಾ, ಊರಿಗೆ ಕರ್ಕೊಂಡು ಹೋಗ್ತೀನಿ" ಎಂದು ವರ್ಷ ವರ್ಷ ಹೇಳುತ್ತಿದ್ದ. ಅಂಕಲ್ ವರ್ಷ ವರ್ಷ ನಂಬುತ್ತಿದ್ದರು. ಕೊನೆಗೆ ಅವರ ಹೃದಯ ಕೈಕೊಟ್ಟಿತು. ಆಸ್ಪತ್ರೆಯಿಂದ ದೂರ ಎಲ್ಲೂ ಹೋಗಕೂಡದು ಎಂದು ಡಾಕ್ಟರ್ ಹೇಳಿ ಕಳಿಸಿದರು. ಸರಿಯಾಗಿ ಆಗಲೇ ಮಗರಾಯ ಟಿಕೆಟ್ ಬುಕ್ ಮಾಡಿದ, ಸರ್ಪ್ರೈಸ್ ಅಂತೆ!

"ಗಟ್ಟಿ ಇದ್ದಾಗ ಒಯ್ಯಲಿಲ್ಲ, ಈಗ ಸಾಯಿಸಾಕ ಒಯ್ಯತೀಯಾ?" ಎಂದು ಆಂಟಿ ಫೋನಿನಲ್ಲಿ ಕಿರುಚಿದ್ದು ನಮ್ಮ ಫ್ಲ್ಯಾಟಿಗೂ ಕೇಳಿಸಿತು. "ಮಮ್ಮಿ, ಬಿ ಪಾಸಿಟಿವ್" ಎಂದನಂತೆ ಮಗ.

ಅಂಕಲ್ ಯಾರ ಮಾತನ್ನೂ ಕೇಳುವ ಹಾಗಿರಲಿಲ್ಲ. ಎರಡು ಹೊಸ ಅಂಗಿ ತಂದರು. ಕೂದಲು ಕತ್ತರಿಸಿಕೊಂಡು ಬಂದರು. ನನ್ನ ಮಗನಿಗೆ ಅಲ್ಲಿಂದ ಏನು ತರಲಿ ಎಂದು ಕೇಳಿದರು. ಆಂಟಿ ಬೈದರು, ಅಂಗಿಗಳನ್ನು ಬಚ್ಚಿಟ್ಟರು, ಊಟ ಬಿಟ್ಟರು, ಯಾವುದೂ ನಡೆಯಲಿಲ್ಲ.

ಹೊರಡುವ ಹಿಂದಿನ ದಿನ ಮಗ ಮೆಲ್ಬರ್ನಿನಿಂದ ಬಂದಿಳಿದ. ದಾರಿಗೆ ಇರಲಿ ಎಂದು ನಾನು ಚಕ್ಕುಲಿ ಮಾಡಿ ಒಯ್ದಿದ್ದೆ. ಅಂಕಲ್ ಅಡುಗೆಮನೆಯ ಮೇಜಿನ ಮುಂದೆ ಚಹಾ ಕುಡಿಯುತ್ತ, ಹೊಳೆಯ ದಂಡೆಯಲ್ಲಿ ಎಲ್ಲಿ ಹುಡುಕಬೇಕು ಎಂದು ಮಗನಿಗೆ ಹೇಳುತ್ತಿದ್ದರು. ಆಂಟಿ ಒಲೆಯ ಕಡೆ ಮುಖ ಮಾಡಿ ರೊಟ್ಟಿ ಬೇಯಿಸುತ್ತಿದ್ದರು. ತಿರುಗದೆಯೇ ಹೇಳಿದರು:

"ಹುಡುಕಬ್ಯಾಡ್ರಿ. ಎತ್ತ ಯಾರಿಗೂ ಕೊಟ್ಟಿಲ್ಲ. ಕಟುಕರ ಲಾರಿ ಬಂದಿತ್ತು. ನಾನ ಹತ್ತಿಸಿದೆ. ಕೆಂದ ಹತ್ತವಲ್ದಾಗಿತ್ತು, ಕಿವಿ ಕೆರದು ಹತ್ತಿಸಿದೆ."

ಅಂಕಲ್ ಕಪ್ಪು ಕೆಳಗಿಟ್ಟರು. ಮಗ "ಮಮ್ಮಿ!" ಎಂದ. ಅಂಕಲ್ ಎದ್ದು ಗೋಡೆ ಹಿಡಿದುಕೊಂಡು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಆಂಟಿ ರೊಟ್ಟಿ ತಿರುವಿ ಹಾಕಿದರು. ಆ ಕ್ಷಣ ಆ ಹೆಂಗಸಿನ ಮುಖ ನೋಡಲೂ ನನಗೆ ಹೇಸಿಗೆಯಾಯಿತು, ಚಕ್ಕುಲಿ ಡಬ್ಬಿ ಅಲ್ಲೇ ಇಟ್ಟು ಬಂದುಬಿಟ್ಟೆ.

ಅಂಕಲ್ ಹೋಗಲಿಲ್ಲ. ಟಿಕೆಟ್ ಕ್ಯಾನ್ಸಲ್ ಆಯಿತು. ನಾನು ತಡೆಯಲಾರದೆ ಒಂದು ದಿನ ಕೇಳಿಯೇಬಿಟ್ಟೆ: "ಇಷ್ಟು ವರ್ಷ ಮುಚ್ಚಿಟ್ಟಿದ್ದನ್ನ ಈಗ ಯಾಕ ಹೇಳಿದ್ರಿ ಆಂಟಿ?"

"ಅಲ್ಲೇನೈತಿ ಅಂತ ಹೋಗ್ತಾನ? ಮನಿ ಕಿತ್ತವಳು ನಾನು, ನನಗ ಗೊತ್ತೈತಿ, ಮುಳ್ಳುಕಂಟಿ ಬಿಟ್ಟರ ಏನಿಲ್ಲ. ಅದನ್ನ ನೋಡಿ, ಅಲ್ಲೇ ಎದಿ ಒಡಕೊಂಡು ಬೀಳತಾನ. ಅದಕ್ಕಿಂತ ಇಲ್ಲೇ ನನ್ನ ಬೈಕೋಂತ ಬದುಕಲಿ."

ಅವರ ಲೆಕ್ಕಾಚಾರ ಅದು. ಅವನು ಬೈಯುತ್ತಾನೆ, ರಾಕ್ಷಸಿ ಎನ್ನುತ್ತಾನೆ, ನಾಲ್ಕು ದಿನ ಕೂಗಾಡಿ ಮತ್ತೆ ಗ್ಯಾರೇಜಿಗೆ ಹೋಗಿ ಕೂರುತ್ತಾನೆ. ಜೀವಮಾನವೆಲ್ಲ ಹಾಗೇ ನಡೆದಿತ್ತಲ್ಲ.

ಅಂಕಲ್ ಬೈಯಲಿಲ್ಲ. ಆ ದಿನದಿಂದ ಹೆಂಡತಿಯ ಜೊತೆ ಒಂದು ಮಾತೂ ಆಡಲಿಲ್ಲ. ನನ್ನ ಜೊತೆ ಆಡಿದರು, ಪೋಸ್ಟ್‌ಮ್ಯಾನ್ ಜೊತೆ ಆಡಿದರು, ನನ್ನ ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡು ನಕ್ಕರು ಕೂಡ. ಚಹಾ ತಾವೇ ಮಾಡಿಕೊಂಡರು. ಆಂಟಿಯ ಬಾಯಿ ಇನ್ನೂ ಜೋರಾಯಿತು. ಕೆಣಕಲು ಸಾರಿಗೆ ಎರಡರಷ್ಟು ಖಾರ ಹಾಕಿದರು, ಅಂಕಲ್ ಕಣ್ಣೊರೆಸಿಕೊಂಡು ಉಂಡೆದ್ದರು. ಬೀದಿಯಲ್ಲಿ ಕೌನ್ಸಿಲ್‌ನವರು ಹಳೆಯ ಸಾಮಾನು ಒಯ್ಯುವ ವಾರ ಬಂದಾಗ, ಆಂಟಿ ಅಂಕಲ್‌ರ ಗ್ರಾಗ್ ಬೋಗುಣಿಯನ್ನು ಅವರ ಕಣ್ಣೆದುರಿಗೇ ಎತ್ತಿಕೊಂಡು ಹೋಗಿ, ಮುರಿದ ಕುರ್ಚಿಗಳ ರಾಶಿಯ ಮೇಲೆ ಒಗೆದು, ಸೊಂಟಕ್ಕೆ ಕೈ ಇಟ್ಟು ನಿಂತರು. ಬೈ ಈಗ, ಎನ್ನುವ ಹಾಗೆ. ಅಂಕಲ್ ಒಮ್ಮೆ ನೋಡಿದರು, ಒಳಗೆ ಹೋಗಿ ಪ್ಲಾಸ್ಟಿಕ್ ಬಕೆಟ್ ತಂದು ಅದರಲ್ಲಿ ಕಲಸಿಕೊಂಡರು. ಸಂಜೆ ಆಂಟಿಯೇ ಹೋಗಿ ಬೋಗುಣಿಯನ್ನು ಎತ್ತಿಕೊಂಡು ಬಂದು, ತೊಳೆದು, ಗ್ಯಾರೇಜಿನಲ್ಲಿ ಇಟ್ಟರು. ಅಂಕಲ್ ಅದನ್ನು ಮುಟ್ಟಲಿಲ್ಲ.

ಅವರು ಆಸ್ಪತ್ರೆ ಸೇರಿದ್ದು ಮುಂದಿನ ಬೇಸಿಗೆಯಲ್ಲಿ. ಇನ್ನು ಆಗುವುದಿಲ್ಲ ಎಂದು ಗೊತ್ತಾಗಿತ್ತು. ಮಗ ಇನ್ನೂ ವಿಮಾನದಲ್ಲಿದ್ದ. ಮಂಚದ ಬಳಿ ಆಂಟಿ ಮತ್ತು ನಾನು ಇಬ್ಬರೇ. ಆಂಟಿ ನೀರಿನ ಲೋಟ ಹಿಡಿದು ಬಾಗಿ, ನಾನು ಎಂದೂ ಕೇಳದ ದನಿಯಲ್ಲಿ ಹೇಳಿದರು:

"ಬೈಯಿ. ಒಂದ ಸಲ ಬೈಯಿ. ರಾಕ್ಷಸಿ ಅನ್ನು. ಏನರೆ ಅನ್ನು."

ಅಂಕಲ್ ಕಣ್ಣು ತೆರೆದರು. ಆಂಟಿಯ ಮುಖವನ್ನು ದಾಟಿ ನನ್ನ ಕಡೆ ನೋಡಿದರು. "ನೀರು ಕೊಡವ್ವ" ಎಂದರು ನನಗೆ.

ಲೋಟ ಇದ್ದದ್ದು ಆಂಟಿಯ ಕೈಯಲ್ಲಿ. ಅವರು ಅದನ್ನು ನನಗೆ ಕೊಟ್ಟರು. ನಾನು ಕುಡಿಸಿದೆ. ಮಧ್ಯಾಹ್ನದ ಹೊತ್ತಿಗೆ ಅಂಕಲ್ ಹೋದರು.

ಮಗ ಬ್ಲ್ಯಾಕ್‌ಟೌನಿನ ಮನೆ ಮಾರಿ ತಾಯಿಯನ್ನು ಪಾಯಿಂಟ್ ಕುಕ್ಕಿಗೆ ಕರೆದುಕೊಂಡು ಹೋದ. ನಾವು ಬೇರೆ ಸಬರ್ಬಿನಲ್ಲಿ ಮಾರ್ಟ್‌ಗೇಜ್ ಕಟ್ಟಿಕೊಂಡು ಕೂತೆವು. ಫೋನ್ ಮಾಡಿದರೆ ಆಂಟಿ ಹೂಂ, ಹೂಂ ಎನ್ನುತ್ತಿದ್ದರು. ಸ್ಕೂಲ್ ರಜೆಯಲ್ಲಿ ಮೆಲ್ಬರ್ನಿಗೆ ಹೋದಾಗ ನೋಡಿ ಬರೋಣವೆಂದು ಹೋದೆವು. ಬೆಳ್ಳಗಿನ ಮನೆ, ಬೆಳ್ಳಗಿನ ಕಾರ್ಪೆಟ್. ಸೊಸೆ ಬಾಗಿಲಲ್ಲೇ ಹೇಳಿದಳು, "ಮಮ್ಮಿ ಈಸ್ ಸೋ ಸ್ವೀಟ್, ನಮಗೆ ಒಂಚೂರೂ ತೊಂದರೆ ಇಲ್ಲ." ಆಂಟಿ ಸೋಫಾದ ತುದಿಯಲ್ಲಿ ಉದ್ದ ತೋಳಿನ ಸ್ವೆಟರ್ ಹಾಕಿಕೊಂಡು ಕೂತಿದ್ದರು. ನಾನು ಬೇಕೆಂತಲೇ ಎದುರಿಗೆ ನಿಂತು, "ನೋಡ್ರಿ ಆಂಟಿ, ದಪ್ಪ ಆಗೇನಿ" ಎಂದೆ. "ಚಂದ ಕಾಣತಿ" ಎಂದರು.

ಅಷ್ಟರಲ್ಲಿ ನನ್ನ ಮಗ ಓಡಿ ಬಂದು ಎಡವಿ, ಕೈಯಲ್ಲಿದ್ದ ದ್ರಾಕ್ಷಿ ಜ್ಯೂಸನ್ನು ಪೂರ್ತಿ ಕಾರ್ಪೆಟ್ ಮೇಲೆ ಚೆಲ್ಲಿದ. ಸೊಸೆ "ಓಹ್" ಎಂದು ಬಾಯಿ ಮೇಲೆ ಕೈ ಇಟ್ಟುಕೊಂಡಳು. ಆಂಟಿ ತಲೆ ಎತ್ತಿದರು. ನಾನು ಅವರ ಬಾಯನ್ನೇ ನೋಡುತ್ತ ನಿಂತೆ. ಮಂಗ್ಯಾ ಎನ್ನಲಿ, ನಿಮ್ಮವ್ವಗ ಬುದ್ಧಿ ಇಲ್ಲ ಎನ್ನಲಿ, ನಾಲ್ಕು ಮನೆಗೆ ಕೇಳುವಂತೆ ಕಿರುಚಲಿ, ದೇವರೇ.

"ಇಟ್ಸ್ ಓಕೆ, ಬೇಟಾ" ಎಂದರು ಆಂಟಿ, ಮತ್ತೆ ಕಿಟಕಿಯ ಕಡೆ ತಿರುಗಿದರು.

ಆ ಚಳಿಗಾಲದಲ್ಲಿ ಅವರ ಮಗ ಫೋನ್ ಮಾಡಿ, ಮಮ್ಮಿ ನಿದ್ದೆಯಲ್ಲೇ ಶಾಂತವಾಗಿ ಹೋದರು ಎಂದು ತಿಳಿಸಿದ. ಶಾಂತವಾಗಿ ಹೋಗುವ ಹೆಂಗಸೇ ಅದು? ಯಾರಾದರೂ ಅಡ್ಡ ನಿಂತು ಜಗಳಕ್ಕೆ ಕರೆಯಬೇಕಿತ್ತು. ಸತ್ತೇಹೋಗುತ್ತೇನೆ ಎನ್ನಿಸಿದ್ದ ದಿನಗಳಲ್ಲಿ ನನ್ನನ್ನು ಬೈದು ಎಬ್ಬಿಸಿದವರು ಅವರು. ಅವರನ್ನು ಬೈದು ಎಬ್ಬಿಸಬಲ್ಲ ಮನುಷ್ಯ ಒಬ್ಬನೇ ಇದ್ದ, ಅವನು ಬೈಯಲಿಲ್ಲ.